ಒಂದು ರಾತ್ರಿಯ ಬಿಡಾರ

ಫ್ರಾನ್ಸಿನಲ್ಲಿ 1993ರಿಂದ ಒಂದು ಏರ್ಪಾಡು ನಡೆದುಕೊಂಡು ಬಂದಿದೆ, ‘ಫ್ರಾನ್ಸ್ ಪ್ಯಾಶನ್’ ಅಂತ ಹೆಸರು. ಮಂಚ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ಮನೆಗಾಡಿಯಲ್ಲಿ ಊರೂರು ಸುತ್ತುವವರು ದ್ರಾಕ್ಷಿ ತೋಟದಲ್ಲೋ ರೈತರ ಹೊಲದಲ್ಲೋ ಒಂದು ರಾತ್ರಿ ಗಾಡಿ ನಿಲ್ಲಿಸಬಹುದು. ಬಾಡಿಗೆ ಇಲ್ಲ. ಮನಸ್ಸು ಬಂದರೆ ಒಂದು ಬಾಟಲಿ ವೈನು, ಒಂದು ತುಂಡು ಚೀಸು ಕೊಳ್ಳಬಹುದು. ಇದೇ ಬಗೆಯದು ಅಮೆರಿಕದಲ್ಲಿ 2009ರಲ್ಲಿ ಶುರುವಾಯಿತು, ‘ಹಾರ್ವೆಸ್ಟ್ ಹೋಸ್ಟ್ಸ್’ ಅಂತ. ನಮ್ಮ ಪಕ್ಕದ ಕೇರಳವೂ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಒಂದು ನೀತಿಯನ್ನೇ ಹೊರಡಿಸಿತು. ಎಲ್ಲರೂ ಇದನ್ನು ಹೊಸ ಸಂಗತಿ ಅಂತಲೇ ಮಾತಾಡುತ್ತಾರೆ.

ಉಮ್ಮತ್ತೂರಿನವನಾದ ನನಗೆ ಇದನ್ನು ಕೇಳಿದಾಗ ಮೊದಲು ನೆನಪಾದದ್ದು ಕುರಿಮಂದೆ.

ನಮ್ಮದು ಮಳೆ ನಂಬಿದ ಸೀಮೆ. ಜೋಳ, ಹುರುಳಿ ಕೊಯ್ದು ಹೊಲ ಬರಿದಾದ ಮೇಲೆ ಕುರುಬರು ಮಂದೆ ಹೊಡೆದುಕೊಂಡು ಬರುತ್ತಿದ್ದರು. ಹೊಲದ ಯಜಮಾನನೇ ಎದುರು ಹೋಗಿ, ‘ಅಣ್ಣೋ, ಈ ಸಲ ವಸಿ ನಮ್ಮ ಹೊಲ್ದಲ್ಲೂ ಮಂದೆ ಹಾಕ್ಬುಡಿ’ ಅಂತ ಕೇಳಿಕೊಳ್ಳಬೇಕಿತ್ತು. ರಾತ್ರಿ ಕುರಿಗಳನ್ನು ಹೊಲದ ಒಂದು ಮೂಲೆಯಲ್ಲಿ ಕೂಡುವುದು, ಮಾರನೇ ರಾತ್ರಿ ಅದರ ಪಕ್ಕದ ತುಂಡಿಗೆ, ಆಮೇಲೆ ಇನ್ನೊಂದಕ್ಕೆ. ಹೀಗೆ ಸರಿಸುತ್ತಾ ಹೋದರೆ ಇಡೀ ಹೊಲಕ್ಕೆ ಹಿಕ್ಕೆಯೂ ಗಂಜಲವೂ ಸಮನಾಗಿ ಬೀಳುತ್ತೆ. ತಿಪ್ಪೆಗೊಬ್ಬರದಲ್ಲಿ ಗಂಜಲದ ಸತ್ವ ಬಹಳಷ್ಟು ಹಾಳಾಗಿ ಹೋಗಿರುತ್ತದೆ. ಮಂದೆಯಲ್ಲಿ ಅದು ನೇರ ಮಣ್ಣಿಗೇ ಇಳಿಯುತ್ತದೆ. ಒಣಗುವ ಮುಂಚೆ ಒಂದು ಸಾಲು ಉತ್ತುಬಿಟ್ಟರೆ ಮುಂದಿನ ಬೆಳೆ ಕಣ್ಣಿಗೆ ಕಾಣುವಷ್ಟು ಬೇರೆ ಥರ ಬರುತ್ತಿತ್ತು. ಇದಕ್ಕೆ ಪ್ರತಿಯಾಗಿ ಕುರಿಗಾರರಿಗೆ ರಾಗಿಯೋ ಜೋಳವೋ ದುಡ್ಡೋ, ಮಂದೆ ಎಷ್ಟು ದೊಡ್ಡದು, ಎಷ್ಟು ರಾತ್ರಿ ತಂಗಿತು ಅನ್ನುವುದರ ಮೇಲೆ.

ಅಂದರೆ ಲೆಕ್ಕ ಅಲ್ಲಿಗೂ ಇಲ್ಲಿಗೂ ತಿರುಗುಮುರುಗು. ಅಲ್ಲಿ ಬಂದವರು ಏನಾದರೂ ಕೊಂಡು ಜಾಗದವರ ಋಣ ತೀರಿಸುತ್ತಾರೆ. ಇಲ್ಲಿ ‘ನಮ್ಮಲ್ಲಿ ಮಲಗಿ’ ಅಂತ ಜಾಗದವರೇ ಕೊಡುತ್ತಿದ್ದರು.

ಎಲ್ಲ ಬಿಡಾರವೂ ಹೀಗೆ ಮರ್ಯಾದೆಯದಾಗಿರಲಿಲ್ಲ. ಉಮ್ಮತ್ತೂರಿನ ಪಾಳೆಯಗಾರರು ವಿಜಯನಗರಕ್ಕೆ ಸೆಡ್ಡು ಹೊಡೆದಿದ್ದು, ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸತರಲ್ಲೇ ದಂಡೆತ್ತಿ ಬಂದು ಗಂಗರಾಜನನ್ನು ಮುರಿದು ಶಿವನಸಮುದ್ರದ ಕೋಟೆ ಹಿಡಿದಿದ್ದು ಪಠ್ಯಪುಸ್ತಕದಲ್ಲೇ ಇದೆ. ಅಷ್ಟು ದೊಡ್ಡ ದಂಡು ರಾತ್ರಿ ಎಲ್ಲಿ ಮಲಗಿತು, ಯಾರ ಹೊಲದ ಫಸಲು ಯಾರ ಕುದುರೆ ತಿಂದಿತು ಅಂತ ಯಾವ ಶಾಸನವೂ ಬರೆಯುವುದಿಲ್ಲ. ದಂಡು ಯಾರನ್ನೂ ಕೇಳಿಕೊಂಡು ಇಳಿಯುವುದಿಲ್ಲವಲ್ಲ. ಆಮೇಲಿನ ಕಾಲದ ಅಧಿಕಾರಿಗಳ ಮೊಕ್ಕಾಂ ಕೂಡ ಇದರ ತಮ್ಮನೇ. ಸಾಹೇಬರು ಡೇರೆ ಹಾಕಿದರೆ ಹಾಲು, ಕೋಳಿ, ಸೌದೆ, ಹುಲ್ಲು ಊರಿನಿಂದಲೇ ಬರಬೇಕು, ಹೊರುವುದಕ್ಕೆ ಆಳೂ ಊರಿಂದಲೇ. ಅದಕ್ಕೇ ‘ಬಿಟ್ಟಿ’ ಅಂತಿದ್ದರು. ನಾವು ಇವತ್ತು ‘ಬಿಟ್ಟಿ ಸಿಕ್ತು’ ಅಂತ ಖುಷಿಯಲ್ಲಿ ಹೇಳುವ ಮಾತಿನ ಹಿಂದೆ ಯಾರದೋ ಕೂಲಿ ಇಲ್ಲದ ದುಡಿಮೆ ಇದೆ.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ನಮ್ಮ ಸೀಮೆಯಲ್ಲಿ ಹಾದುಹೋದ. ಟಿಪ್ಪು ಸತ್ತು ವರ್ಷವಷ್ಟೇ ಆಗಿತ್ತು. ಗೆದ್ದ ನಾಡಿನ ಮಣ್ಣು, ಬೆಳೆ, ಜನ ಎಲ್ಲ ನೋಡಿ ವರದಿ ಮಾಡು ಅಂತ ವೆಲ್ಲೆಸ್ಲಿ ಕಳಿಸಿದ್ದ. ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ಕಾವೇರಿಪುರದ ಘಾಟಿ ಇಳಿದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳು ನಿಜವಾಗಿ ನೋಡಿದರೆ ಒಂದೊಂದು ರಾತ್ರಿಯ ತಂಗುದಾಣದ ದಿನಚರಿ. ನಮ್ಮ ಹಳ್ಳಿಗಳ ಆ ಕಾಲದ ಬೆಳೆ ಎಂಥದಿತ್ತು ಅಂತ ತಿಳಿಯಲು ನಾವು ಈ ಡೇರೆಯ ಅತಿಥಿಯನ್ನೇ ಕೇಳಬೇಕು.

ಲಂಬಾಣಿಗಳದು ಬೇರೆ ಕಥೆ. 1791-92ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ ಅವನ ಸೈನ್ಯದ ಹೊಟ್ಟೆ ತುಂಬಿಸಿದ್ದರಲ್ಲಿ ಅವರ ಹೇರೆತ್ತುಗಳ ಪಾಲು ದೊಡ್ಡದು. ಶಾಂತಿಕಾಲದಲ್ಲಿ ಉಪ್ಪು, ಧಾನ್ಯ ಹೇರಿಕೊಂಡು ಬಂದು ಬಯಲಲ್ಲಿ ಬಿಡಾರ ಹಾಕುತ್ತಿದ್ದರು. ಸಾಗುತ್ತಿದ್ದ ಗುಂಪಿನ ಹೆಸರೇ ‘ತಾಂಡ’. ರೈಲು, ರಸ್ತೆ ಬಂದು ಆ ವ್ಯಾಪಾರ ಮುರಿದುಬಿದ್ದ ಮೇಲೆ ನಿಂತ ಜಾಗಕ್ಕೇ ಆ ಹೆಸರು ಉಳಿಯಿತು. ಚಾಮರಾಜನಗರಕ್ಕೆ ರೈಲು ಬಂದಿದ್ದು 1926ರಲ್ಲಿ. ಅಲ್ಲಿಗೇ ನಿಂತದ್ದು ಇವತ್ತಿಗೂ ಮುಂದೆ ಹೋಗಿಲ್ಲ, ಅದೂ ಒಂಥರಾ ಬಿಡಾರವೇ ಅನ್ನಿ.

ಈಗ ನನಗೆ ಮುಖ್ಯ ಅನ್ನಿಸಿದ ವಿಷಯಕ್ಕೆ ಬರುತ್ತೇನೆ. ಮನೆಗಾಡಿಯವರಿಗೆ ಒಂದು ಷರತ್ತು ಇರುತ್ತದೆ: ನಿಮ್ಮ ನೀರು ನೀವೇ ತರಬೇಕು, ಕೊಳೆ ನೀವೇ ಒಯ್ಯಬೇಕು, ಮನೆಯವರನ್ನು ಏನೂ ಕೇಳಬಾರದು. ಅಲ್ಲಿ ಇದು ಶುಚಿಯ ಮಾತು. ನಮ್ಮಲ್ಲಿ ದಾರಿ ನಡೆಯುವ ದಲಿತನೊಬ್ಬನಿಗೆ ಇದೇ ಷರತ್ತನ್ನು ಜಾತಿ ಹಾಕಿತ್ತು. ‘ನಮ್ಮ ಕಡೆ ಯಾರೇ ಬಂದರೂ ಜಗಲಿ ಮೇಲೆ ಜಾಗ, ಉಣ್ಣೋಕೆ ಮುದ್ದೆ’ ಅಂತ ಹಿರಿಯರು ಹೆಮ್ಮೆಯಿಂದ ಹೇಳುವುದುಂಟು. ಯಾರ ಜಗಲಿ, ಯಾರು ಬಂದರೆ? ಛತ್ರದಲ್ಲೂ ಪಂಕ್ತಿ ಬೇರೆ, ನೀರು ಬೇರೆ. ಆತಿಥ್ಯದ ಚರಿತ್ರೆ ಬರೆಯುವವರು ಬಾಗಿಲು ತೆರೆದದ್ದನ್ನು ಬರೆದಷ್ಟೇ ಉದ್ದವಾಗಿ ತೆರೆಯದ ಬಾಗಿಲನ್ನೂ ಬರೆಯಬೇಕು.

ಇದನ್ನು ನಮ್ಮ ಸೀಮೆಯ ನೀಲಗಾರರು ಎಂದೋ ಹಾಡಿಬಿಟ್ಟಿದ್ದಾರೆ. ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗುತ್ತಾನೆ. ದಾಸೋಹಕ್ಕೆ ಹೆಸರಾದ ಬಸವಣ್ಣನ ಕಲ್ಯಾಣ. ನೋಡಿದರೆ ಹೇಸಿಗೆ ಹುಟ್ಟುವ ವೇಷದಲ್ಲಿ ಬಾಗಿಲಿಗೆ ಬಂದವನನ್ನು ಕಾವಲಿನವರು ತಡೆಯುತ್ತಾರೆ. ಸಾವಿರಾರು ಜನಕ್ಕೆ ಅನ್ನ ಹಾಕುವ ಮನೆಗೂ ಒಂದು ಬಾಗಿಲಿದೆ, ಬಾಗಿಲಿಗೆ ಕಾವಲಿದೆ ಅನ್ನುವುದನ್ನು ಇಷ್ಟು ನೇರವಾಗಿ ಹೇಳಿದ ಇನ್ನೊಂದು ಕಥೆ ನಾನಂತೂ ಕೇಳಿಲ್ಲ.

ಆ ಪರಂಪರೆಯ ಸಿದ್ದಪ್ಪಾಜಿಯ ಜಾತ್ರೆ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಗೆ ಶುರುವಾಗಿ ಐದು ದಿನ ನಡೆಯುತ್ತದೆ. ನಮ್ಮ ಕಡೆಯಿಂದ, ಮೈಸೂರು, ಮಂಡ್ಯ, ರಾಮನಗರದಿಂದ ಜನ ಹಿಂದೆ ಎತ್ತಿನಗಾಡಿಯಲ್ಲಿ, ಈಗ ಟ್ರ್ಯಾಕ್ಟರ್, ಟೆಂಪೋಗಳಲ್ಲಿ ಬಂದು ಸುತ್ತಲಿನ ಬಯಲು, ಹೊಲಗಳಲ್ಲಿ ಬಿಡಾರ ಹೂಡುತ್ತಾರೆ. ರಾಗಿ ಕೊಯ್ಲು ಮುಗಿದಿರುವ ಕಾಲ, ಹೊಲ ಖಾಲಿ. ಮೊದಲ ರಾತ್ರಿ ಚಂದ್ರಮಂಡಲ, ಆಮೇಲೊಂದು ದಿನ ಪಂಕ್ತಿಸೇವೆ. ಬಿಡಾರದಲ್ಲೇ ಮಾಂಸದಡುಗೆ, ಜಾತಿ ನೋಡದೆ ಒಟ್ಟಿಗೆ ಊಟ. ಊರಲ್ಲಿ ಜಗಲಿ ಹತ್ತಿಸದವನೂ ಇಲ್ಲಿ ಪಕ್ಕದಲ್ಲಿ ಕೂತು ಉಣ್ಣಬೇಕು. ಈಚಿನ ವರ್ಷಗಳಲ್ಲಿ 1959ರ ಪ್ರಾಣಿಬಲಿ ತಡೆ ಕಾಯ್ದೆ ಮುಂದಿಟ್ಟು ಜಿಲ್ಲಾಡಳಿತ ಇದಕ್ಕೆ ಅಡ್ಡ ಬಂದಿದೆ. ಒಕ್ಕಲಿನವರು ಹೇಳುವುದು, ಇದು ದೇವರಿಗೆ ಕೊಡುವ ಬಲಿ ಅಲ್ಲ, ನಮ್ಮ ಊಟ. ಅಂದರೆ ಜಗಳ ಇರುವುದು ಬಿಡಾರ ಅಂದರೇನು ಅನ್ನುವುದರ ಮೇಲೆ: ಅದು ಗುಡಿಯ ಆವರಣವೋ, ಒಂದು ರಾತ್ರಿಯ ಮಟ್ಟಿಗೆ ನನ್ನ ಮನೆಯೋ? ನನ್ನ ಮನೆ ಅನ್ನುವವರ ಕಡೆಗೇ ನಾನು. ಮನೆಯೊಳಗೆ ಕರೆಸಿಕೊಳ್ಳದೆ ಇದ್ದವರು ಹೊಲದಲ್ಲಿ ಮನೆ ಮಾಡಿಕೊಂಡು ಎಲ್ಲರನ್ನೂ ಕರೆದರು. ಅದರ ಒಲೆ ಆರಿಸುವ ಮೊದಲು ಅಷ್ಟನ್ನಾದರೂ ಯೋಚಿಸಬೇಕು.

ಗುಂಡ್ಲುಪೇಟೆ ಕಡೆ ಬಿಡಾರಕ್ಕೆ ಈಗ ಹೊಸ ಕಾರಣ ಬಂದಿದೆ. ಅಲ್ಲಿ ದಾರಿ ಕವಲೊಡೆದು ಒಂದು ವಯನಾಡಿಗೆ, ಇನ್ನೊಂದು ಊಟಿಗೆ. 2009ರಲ್ಲಿ ಬಂಡೀಪುರದ ಕಾಡಿನೊಳಗೆ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ನಿಲ್ಲಿಸಿದರು. 2010ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗೆ ಒಳ್ಳೆಯದೇ ಆಯಿತು. ಗೇಟು ಬಿದ್ದ ಮೇಲೆ ಬಂದ ಲಾರಿಯವರಿಗೆ ಮಾತ್ರ ರಸ್ತೆಬದಿಯೇ ಹಾಸಿಗೆ. ಮುಂಗಾರಿನಲ್ಲಿ ಅದೇ ರಸ್ತೆಯ ಅಂಚಿನಲ್ಲಿ ಸೂರ್ಯಕಾಂತಿ ಅರಳುತ್ತದೆ. ಕಾರಿನವರು ಹೊಲಕ್ಕೆ ನುಗ್ಗಿ ಫೋಟೋ ತೆಗೆಯುತ್ತಾರೆ. ಗಿಡ ತುಳಿದು ಹಾಳಾಗುವುದು ನೋಡಿ ಕೆಲ ರೈತರು ಅದಕ್ಕೆ ದುಡ್ಡು ಕೇಳಲು ಶುರುಮಾಡಿದರು. ‘ಹಳ್ಳಿಯವರೂ ಕಮರ್ಷಿಯಲ್ ಆಗಿಬಿಟ್ರು’ ಅಂತ ಗೊಣಗುವವರು ಫ್ರಾನ್ಸಿನಲ್ಲಿ ವೈನು ಕೊಂಡು ಬಂದವರೇ ಇರಬಹುದು.

ಇನ್ನು ಮಂದೆ. ಬೋರ್‌ವೆಲ್ ಬಂದ ಹೊಲಗಳಲ್ಲಿ ಬೇಸಿಗೆಯಲ್ಲೂ ಬಾಳೆ, ಅರಿಶಿನ ನಿಂತಿರುತ್ತದೆ. ಸುತ್ತ ತಂತಿ ಬೇಲಿ. ಕುರಿ ಕಂಡರೆ ‘ಅತ್ಲಾಗೆ ಹೊಡ್ಕಳಯ್ಯ’ ಅಂತ ಕೂಗುತ್ತಾರೆ. ಅದೇ ಬಾಳೆಗೆ ಕುರಿಗೊಬ್ಬರವನ್ನು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ, ಬಾಡಿಗೆ ಸೇರಿಸಿ, ದೂರದಿಂದ ತರಿಸುತ್ತಾರೆ.