ಚಿನ್ನಿ ಹಾರಿದ್ದು ಎಷ್ಟು ದಾಂಡು?

ಇವತ್ತಿನ ಎಪಿಸೋಡ್ ಗಣಿತದ ಬಗ್ಗೆ. ತಡೀರಿ, ಸ್ಕಿಪ್ ಮಾಡ್ಬೇಡಿ, ಆಟದಿಂದಾನೇ ಶುರು ಮಾಡ್ತೀನಿ.

ಮಧುಗಿರಿ ತಾಲ್ಲೂಕಿನ ಪುರವರದ ಕಡೆ, ರಾಗಿ ಕೊಯ್ದ ಮೇಲೆ ಖಾಲಿ ಬಿದ್ದ ಹೊಲ. ಒಬ್ಬ ಹುಡುಗ ಚಿನ್ನಿಯನ್ನ ಚಿಮ್ಮಿಸಿ ಹೊಡೀತಾನೆ. ಅದು ಬಿದ್ದ ಜಾಗ ನೋಡಿ ‘ನಲವತ್ತು!’ ಅಂತ ಕೂಗ್ತಾನೆ. ಅಂದ್ರೆ ಗುಣಿಯಿಂದ ಅಲ್ಲಿಗೆ ನಲವತ್ತು ದಾಂಡು ದೂರ ಅಂತ. ಎದುರಾಳಿ ಒಪ್ಪಿದ್ರೆ ಸರಿ. ಒಪ್ಪದೇ ಅಳೆದಾಗ ಮೂವತ್ತೇಳೇ ಬಂದ್ರೆ? ಕೇಳಿದವನು ಔಟು. ಕಡಿಮೆ ಕೇಳಿದ್ರೆ ಅಂಕ ನಷ್ಟ, ಜಾಸ್ತಿ ಕೇಳಿದ್ರೆ ಆಟಾನೇ ನಷ್ಟ. ಪಠ್ಯಪುಸ್ತಕದಲ್ಲಿ ಇದಕ್ಕೆ ‘ಅಂದಾಜು’ ಅಂತಾರೆ. ಹೊಲದಲ್ಲಿ ಅದು ಮರ್ಯಾದೆ ಪ್ರಶ್ನೆ.

ಅಳೆಯೋಕೆ ಯಾರ ದಾಂಡು ಅನ್ನೋದು ಇನ್ನೊಂದು ಜಗಳ. ದಾಂಡು ಗಿಡ್ಡ ಇದ್ದಷ್ಟೂ ಅಂಕ ಜಾಸ್ತಿ. ಅದಕ್ಕೇ ಆಟಕ್ಕೆ ಮೊದಲೇ ‘ಇದೊಂದೇ ದಾಂಡು’ ಅಂತ ಮಾತಾಗ್ತಿತ್ತು. ಇಡೀ ದೇಶಕ್ಕೆ ಒಂದೇ ಅಳತೆ ಇರ್ಲಿ ಅಂತ ಸರ್ಕಾರ ಕಾನೂನು ತಂದಿದ್ದು 1956ರಲ್ಲಿ. ಹೊಲದ ಹುಡುಗ್ರು ಅದಕ್ಕೆ ಕಾದು ಕೂತಿರ್ಲಿಲ್ಲ ಬಿಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಮಹಾರಾಷ್ಟ್ರದಲ್ಲಿ ಇದೇ ಆಟಕ್ಕೆ ವಿಟ್ಟಿ ದಾಂಡು ಅಂತಾರೆ. ಅಲ್ಲಿನ ಮಕ್ಕಳು ದೂರ ಎಣಿಸೋದು ಮರಾಠಿ ಅಂಕಿಗಳಲ್ಲಿ ಅಲ್ಲ. ವಕಟ, ಲೇಂಡ, ಮುಂಡ, ನಾಲ... ಹೀಗೆ ಏಳರವರೆಗೆ. ಪಾವಗಡದವರು ಯಾರಾದ್ರೂ ಕೇಳ್ತಿದ್ರೆ ಆಗಲೇ ನಕ್ಕಿರ್ತಾರೆ! ಒಕಟಿ, ರೆಂಡು, ಮೂಡು, ನಾಲುಗು. ನಮ್ಮ ಗಡಿ ಮನೆಗಳಲ್ಲಿ ದಿನಾ ಕೇಳೋ ತೆಲುಗು, ನಾಲ್ಕು ಅಂತೂ ಕನ್ನಡಕ್ಕೂ ಹತ್ತಿರ. ರಾಜ್ಯದ ಗಡಿ ಎಳೆಯೋಕೆ ಎಷ್ಟೋ ಮೊದಲು ಆಟದ ಎಣಿಕೆ ಊರಿಂದ ಊರಿಗೆ ಹೋಗಿತ್ತು. ಏಳಾದ ಮೇಲೆ ಮತ್ತೆ ಒಂದರಿಂದ. 23 ದಾಂಡು ಅಂದ್ರೆ ಮೂರು ಸುತ್ತು, ಉಳಿದಿದ್ದು ಎರಡು, ಅಂದ್ರೆ ಲೇಂಡ. ಮುಂದಿನ ಹೊಡೆತ ಹೇಗೆ ಹೊಡೀಬೇಕು ಅನ್ನೋದನ್ನ ಆ ಉಳಿಕೆ ತೀರ್ಮಾನಿಸುತ್ತೆ. ಭಾಗಾಕಾರದಲ್ಲಿ ‘ಶೇಷ’ ಯಾಕೆ ಬೇಕು ಅಂತ ನನಗೆ ಶಾಲೆಯಲ್ಲಿ ಯಾರೂ ಹೇಳಿರ್ಲಿಲ್ಲ.

ನಮ್ಮ ಕಾಲಕ್ಕೆ ಚಿನ್ನಿ ಹೋಗಿ ಕ್ರಿಕೆಟ್ ಬಂದಿತ್ತು. ಮಳೆ ಬಂದ್ರೆ ಬುಕ್ ಕ್ರಿಕೆಟ್. ಪುಸ್ತಕ ತೆರೀರಿ, ಎಡಪುಟದ ಕೊನೆ ಅಂಕಿ ನೋಡಿ. ಎಡಪುಟ ಯಾವಾಗ್ಲೂ ಸಮಸಂಖ್ಯೆ. 0 ಬಂದ್ರೆ ಔಟು, 2, 4, 6 ರನ್ನು, 8ಕ್ಕೆ ಏನೂ ಇಲ್ಲ. ಐದು ಸಲ ತೆರೆದ್ರೆ ಸರಾಸರಿ ಒಂದು ವಿಕೆಟ್, 12 ರನ್ನು. ಹತ್ತು ವಿಕೆಟ್‌ಗೆ ಹತ್ತಿರತ್ತಿರ 120. 8ಕ್ಕೂ ಎಂಟು ರನ್ ಕೊಟ್ರೆ 200! ಬಿ.ಕಾಂ. ಓದುವಾಗ ಸಂಖ್ಯಾಶಾಸ್ತ್ರದ ಕ್ಲಾಸಲ್ಲಿ ಸರಾಸರಿ ಬಂದಾಗ ನನಗೆ ನೆನಪಾಗಿದ್ದು ಇದೇ. ಆಡ್ತಾ ಸಿಕ್ಕಿಬಿದ್ದಾಗ ಮೇಷ್ಟ್ರು ಪುಸ್ತಕ ಕಿತ್ಕೊಂಡು ಬೆಂಚ್ ಮೇಲೆ ನಿಲ್ಲಿಸಿದ್ರು. ಲೆಕ್ಕದ ಪುಸ್ತಕದಲ್ಲಿ ಲೆಕ್ಕ ಮಾಡಿದ್ದಕ್ಕೆ ಶಿಕ್ಷೆ!

ಹಾಗಂತ ಶಾಲೆಗಳು ಆಟವನ್ನ ಒಳಗೆ ಬಿಟ್ಕೊಂಡೇ ಇಲ್ಲ ಅಂತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಶುರುವಾಯ್ತು. 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಗೂ.

ಆದ್ರೆ ಈಗಿನ ಕೆಲವು ವರ್ಕ್‌ಶೀಟ್ ನೋಡಿದ್ರೆ ಬೇಜಾರಾಗುತ್ತೆ. ಕೂಡುವ ಲೆಕ್ಕದ ಪಕ್ಕ ಬ್ಯಾಟು-ಬಾಲಿನ ಚಿತ್ರ ಹಾಕಿ ‘ಆಟದ ಮೂಲಕ ಗಣಿತ’ ಅಂತಾರೆ. ಅದರಲ್ಲಿ ಸೋಲೋರು ಯಾರು? ಜಗಳ ಆಡೋರು ಯಾರು? ತಪ್ಪು ಎಣಿಸಿದ್ರೆ ಏನೂ ಕಳ್ಕೊಳ್ಳದೇ ಇದ್ರೆ ಅದು ಆಟ ಅಲ್ಲ, ಬಣ್ಣ ಹಚ್ಚಿದ ಹೋಂವರ್ಕ್. ಇನ್ನೊಂದು ಮಾತು, ನಮ್ಮ ಹೊಲದ ಆಟದಲ್ಲಿ ಹೆಣ್ಮಕ್ಕಳಿಗೆ ಜಾಗ ಕೊಟ್ಟಿದ್ದು ಬಹಳ ಕಮ್ಮಿ. ಸ್ಕೋರ್ ಬರೆಯೋಕೆ ಮಾತ್ರ ಅಕ್ಕನ್ನ ಕರೀತಿದ್ವಿ. ಯಾಕಂದ್ರೆ ಅವಳ ಲೆಕ್ಕ ಮಾತ್ರ ಯಾವತ್ತೂ ತಪ್ತಿರ್ಲಿಲ್ಲ.