ನೆರಳಿನಲ್ಲಿ ಒಣಗಿದ ಬಟ್ಟೆ

ಉಡುಗೆ ತೊಡುಗೆಗಳ ಚರಿತ್ರೆ ಬರೆದವರು ಸೀರೆಯ ನೆರಿಗೆ, ಪೇಟದ ಸುತ್ತುಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅದೇ ಸೀರೆ ಹಳತಾಗಿ ಹರಿದ ಮೇಲೆ, ಮಡಿಸಿದ ತುಂಡಾಗಿ ತಿಂಗಳಿಗೆ ನಾಲ್ಕೈದು ದಿನ ಹೆಣ್ಣಿನ ಮಾನ ಕಾಯ್ದ ಕಥೆಯನ್ನು ಬರೆಯಲು ಮಾತ್ರ ಅವರ ಲೇಖನಿ ಹಿಂಜರಿಯಿತು. ಈ ವಿಷಯ ಕೆಲವು ವಾಚಕರಿಗೆ ಮುಜುಗರವೆನಿಸೀತು. ಆ ಮುಜುಗರಕ್ಕೂ ಈ ಚರಿತ್ರೆಯಲ್ಲಿ ದೊಡ್ಡ ಪಾತ್ರವೇ ಇದೆ.

ಮುಟ್ಟಿನ ಬಟ್ಟೆ ನಮ್ಮ ಹಳ್ಳಿಗಳ ಬಡತನದ ಗುರುತು ಎಂದು ತಿಳಿಯಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪು, ಅಮೆರಿಕಗಳ ಅನುಕೂಲಸ್ಥ ಹೆಂಗಸರೂ ಬಟ್ಟೆಯನ್ನೇ ಒಗೆದು ಒಗೆದು ಬಳಸುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಗಾಯಕ್ಕೆ ಕಟ್ಟಲೆಂದು ಮರದ ತಿರುಳಿನಿಂದ ಹತ್ತಿಯಂಥ ಒಂದು ವಸ್ತುವನ್ನು ಮಾಡಿದರು. ಯುದ್ಧ ಮುಗಿಯಿತು, ಸರಕಿಗೆ ಗಿರಾಕಿ ಬೇಕಾಯಿತು. ಅಮೆರಿಕದ ಕಿಂಬರ್ಲಿ-ಕ್ಲಾರ್ಕ್ ಕಂಪನಿ 1920ರ ಸುಮಾರಿಗೆ ಅದನ್ನೇ 'ಕೋಟೆಕ್ಸ್' ಎಂಬ ಹೆಸರಿನಲ್ಲಿ ಮಾರತೊಡಗಿತು. ಬಳಸಿ ಬಿಸಾಡುವ ಪದ್ಧತಿ ಬೇರೂರಿದ್ದು ಹೀಗೆ. 1937ರಲ್ಲಿ ಲಿಯೋನಾ ಚಾಲ್ಮರ್ಸ್ ಎಂಬ ನಟಿ ಮತ್ತೆ ಮತ್ತೆ ಬಳಸಬಹುದಾದ ರಬ್ಬರಿನ ಬಟ್ಟಲಿಗೆ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧ ಬಂದು ರಬ್ಬರಿಗೇ ಅಭಾವವಾದಾಗ ಅದು ಮೂಲೆ ಸೇರಿತು.

ನಮ್ಮ ಕಡೆಯ ಕಥೆ ಬೇರೆ. ಜನನ, ಮರಣ, ಎಂಜಲು, ಜಾತಿಗಳ ಜೊತೆಗೆ ರಜಸ್ಸೂತಕವನ್ನೂ 12ನೆಯ ಶತಮಾನದ ಶರಣರು ತಳ್ಳಿಹಾಕಿದ್ದರು. ಆದರೂ 'ಹೊರಗೆ ಕೂರುವುದು' ಹೋಗಲಿಲ್ಲ. ಚಿತ್ರದುರ್ಗ, ತುಮಕೂರು ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು ಊರಾಚೆ ಇರಿಸುವ ವಾಡಿಕೆ ನಮ್ಮ ಕಾಲದವರೆಗೂ ಬಂದಿದೆ. ಹೆಂಗಸೇ ಮೈಲಿಗೆಯಾದ ಮೇಲೆ ಅವಳ ಬಟ್ಟೆ ಗಂಡಸರ ಕಣ್ಣಿಗೆ ಬೀಳುವುದುಂಟೆ? ಹಿತ್ತಿಲ ಹಗ್ಗದ ಮೇಲೆ ಗಂಡನ ಪಂಚೆಗೆ ಜಾಗವಿತ್ತು, ಮಗುವಿನ ಚಡ್ಡಿಗೂ ಇತ್ತು. ಈ ತುಂಡು ಮಾತ್ರ ಬೇರೊಂದು ಸೀರೆಯ ಅಡಿಯಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ, ಬಚ್ಚಲ ಕತ್ತಲೆಯಲ್ಲಿ ಒಣಗಬೇಕಾಯಿತು. ಸೋಪು ಹಾಕಿ ಒಗೆದು ಬಿಸಿಲಿಗೆ ಹರವಿದರೆ ಹತ್ತಿ ಬಟ್ಟೆಯಿಂದ ಕೆಡುಕಿಲ್ಲ. ಅರೆ ಒಣಗಿದ್ದನ್ನೇ ಮತ್ತೆ ಕಟ್ಟಿಕೊಂಡರೆ ತುರಿಕೆ, ಹುಣ್ಣು, ಸೋಂಕು. ದೂರು ಮಾತ್ರ ಬಟ್ಟೆಯ ಮೇಲೆ ಬಂತು.

ಸರಕಾರಿ ಲೆಕ್ಕವೂ ಆ ದೂರನ್ನೇ ಒಪ್ಪಿಕೊಂಡಂತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವಯಸ್ಸಿನವರಲ್ಲಿ ಬಟ್ಟೆ ಬಳಸುವವರು 2015-16ರಲ್ಲಿ ಶೇಕಡಾ 62, 2019-21ರಲ್ಲಿ ಶೇಕಡಾ 50. ನ್ಯಾಪ್‌ಕಿನ್, ಬಟ್ಟಲು ಇತ್ಯಾದಿಗಳನ್ನು 'ನೈರ್ಮಲ್ಯದ ವಿಧಾನ' ಎನ್ನುವ ಈ ಸಮೀಕ್ಷೆ ಬಟ್ಟೆಯನ್ನು ಆ ಪಟ್ಟಿಗೆ ಸೇರಿಸುವುದಿಲ್ಲ. ಬಿಸಿಲಲ್ಲಿ ಒಣಗಿದ್ದೂ ಒಂದೇ, ಕತ್ತಲೆಯಲ್ಲಿ ಮುಗ್ಗಿದ್ದೂ ಒಂದೇ! ಹಗ್ಗ ಎಲ್ಲಿದೆ ಎಂದು ಕೇಳಿದ್ದರೆ ಹೆಚ್ಚು ತಿಳಿಯುತ್ತಿತ್ತು ಎಂದು ನನಗೆ ಅನಿಸುತ್ತದೆ.

ಬಟ್ಟೆಯನ್ನು ಮತ್ತೆ ಮರ್ಯಾದೆಗೆ ತರುವ ಪ್ರಯತ್ನಗಳೂ ನಡೆದಿವೆ. 1999ರಲ್ಲಿ ದೆಹಲಿಯಲ್ಲಿ ಹುಟ್ಟಿದ 'ಗೂಂಜ್' ಸಂಸ್ಥೆ ನಗರದವರು ಕೊಟ್ಟ ಹಳೆಯ ಹತ್ತಿ ಬಟ್ಟೆಗಳನ್ನು ಒಗೆದು, ಕತ್ತರಿಸಿ, ಪಟ್ಟಿಗಳಾಗಿಸಿ ಹಳ್ಳಿಗಳಿಗೆ ತಲುಪಿಸುತ್ತ ಬಂದಿದೆ. ನಮ್ಮ ಪೆಟ್ಟಿಗೆಗಳ ಹಳೆಯ ವಾಯಿಲ್ ಸೀರೆಗೆ ಇಲ್ಲಿ ಬೆಲೆಯುಂಟು. ನೀರು ಹೀರದ ಪಾಲಿಯೆಸ್ಟರಿಗಿಲ್ಲ. ಪುದುಚೇರಿಯ ಬಳಿಯ ಆರೋವಿಲ್‌ನಲ್ಲಿ 2010ರಿಂದ 'ಇಕೋ ಫೆಮ್' ಹೊಲಿದ ಬಟ್ಟೆ ಪ್ಯಾಡುಗಳನ್ನು ಮಾಡಿಸುತ್ತಿದೆ.

ಚಾಲ್ಮರ್ಸ್ ಅವರ ಬಟ್ಟಲೂ ಸಿಲಿಕೋನಿನ ರೂಪದಲ್ಲಿ ಮರಳಿ ಬಂತು. ಕೇರಳದ ಆಲಪ್ಪುಳದಲ್ಲಿ 2019ರಲ್ಲಿ 5,000 ಬಟ್ಟಲುಗಳನ್ನು ಹಂಚಿದರು. 2022ರಲ್ಲಿ ಎರ್ನಾಕುಲಂ ಜಿಲ್ಲೆಯ ಕುಂಬಳಂಗಿ, ನ್ಯಾಪ್‌ಕಿನ್ ಇಲ್ಲದ ಪಂಚಾಯಿತಿ ಎಂದು ಘೋಷಿಸಿಕೊಂಡಿತು. ಒಂದು ಬಟ್ಟಲು ವರ್ಷಗಟ್ಟಲೆ ಬಾಳುತ್ತದೆ, ಒಣಗಿಸಲು ಹಗ್ಗ ಬೇಡ. ಆದರೆ ಪ್ರತಿ ತಿಂಗಳೂ ಅದನ್ನು ನೀರಿನಲ್ಲಿ ಕುದಿಸಬೇಕು. ಆ ದಿನಗಳಲ್ಲಿ ಅಡಿಗೆಮನೆಯ ಹೊಸ್ತಿಲು ದಾಟಲಾಗದ ಹುಡುಗಿ ಅದನ್ನು ಯಾವ ಒಲೆಯ ಮೇಲೆ, ಯಾವ ಪಾತ್ರೆಯಲ್ಲಿ ಕುದಿಸಬೇಕೆಂಬುದು ಇನ್ನೂ ಆಯಾ ಮನೆಯ ಅತ್ತೆ, ಅಜ್ಜಿಯರು ತೀರ್ಮಾನಿಸುವ ಮಾತು.