‘ಸೌಭದ್ರ’ದ ಒನ್ಸ್‌ಮೋರ್
‘ಸಂಗೀತ ಸೌಭದ್ರ’ದ ಮರುಪ್ರಯೋಗವಿದೆಯೆಂದು ತಿಳಿದರೆ ಯೆರವಡಾದ ನಾವು ಕೆಲವರು ಮುಳಾ-ಮುಠಾ ನದಿ ದಾಟಿ ಪುಣೆಯ ರಂಗಮಂದಿರಕ್ಕೆ ಹೋಗಿಬಿಡುತ್ತೇವೆ. ಅರ್ಜುನ–ಸುಭದ್ರೆಯರ ಪ್ರಣಯಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಜನ ಕಾಯುವುದು ಪದಗಳಿಗಾಗಿ. ಹಾರ್ಮೋನಿಯಂ ಸ್ವರ ಹಿಡಿಯುತ್ತಲೇ ಹಿರಿಯರ ತುಟಿಗಳು ಅಲುಗುತ್ತವೆ. ಪದ ಮುಗಿಯಿತೋ ಇಲ್ಲವೋ, ‘ಒನ್ಸ್‌ಮೋರ್’ ಕೂಗು ಏಳುತ್ತದೆ. ಕಥೆ ಅಲ್ಲಿಯೇ ನಿಲ್ಲುತ್ತದೆ, ಪದ ಮರಳುತ್ತದೆ.

ಈ ರೂಢಿ ಹಳೆಯದು. 1882ರಲ್ಲಿ ಪುಣೆಯಲ್ಲಿ ರಂಗವೇರಿದ ಈ ನಾಟಕದಲ್ಲಿ ಸುಭದ್ರೆಯಾಗಿ ಮೆರೆದವರು ಭಾವೂರಾವ್ ಕೊಲ್ಹಟ್ಕರ್, ಮುಂದೆ ಬಾಲಗಂಧರ್ವರು. ಗಂಡಸು ನಾಯಕಿಯಾದದ್ದು ಪ್ರೇಕ್ಷಕರಿಗೆ ತೊಡಕಾಗಲಿಲ್ಲ. ಬಾಲಗಂಧರ್ವರು ಸೀರೆಯುಡುವ ರೀತಿಯನ್ನು ಹೆಂಗಸರೇ ಅನುಕರಿಸಿದರಲ್ಲ!

ನಮ್ಮನ್ನು ಕಾಡುವುದು ಬೇರೆ ಸಂಗತಿ. ನಾಟಕಕಾರ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ತಮ್ಮ ಪದಗಳಿಗೆ ಕನ್ನಡದ ಧಾಟಿಗಳನ್ನೂ ಎತ್ತಿಕೊಂಡವರು. ಅದಕ್ಕೂ ಮೊದಲು, 1843ರಲ್ಲಿ, ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಮರಾಠಿ ನಾಟಕಕ್ಕೆ ಕೈಹಾಕಿದ್ದು ಕನ್ನಡ ಭಾಗವತರ ಆಟದ ಪ್ರೇರಣೆಯಿಂದ. ಆ ಮರಾಠಿ ಮಂಡಳಿಗಳು ನಮ್ಮ ಊರುಗಳಿಗೆ ಬಂದಾಗ ಕನ್ನಡಿಗರೇ ಮುಗಿಬಿದ್ದರು. ಅದನ್ನು ಕಂಡು ನೊಂದ ಗದಗಿನ ಶಾಂತಕವಿಗಳು 1870ರ ದಶಕದಲ್ಲಿ ಕನ್ನಡ ಮಂಡಳಿಯನ್ನೇ ಕಟ್ಟಿದರು. ಅವರ ನೋವು ನ್ಯಾಯವಾದದ್ದೆಂದೇ ನಮ್ಮ ನಂಬುಗೆ.

ಆದರೆ ಕತ್ತಲ ಸಭಾಂಗಣದಲ್ಲಿ, ಎಂದೋ ಅಜ್ಜಿಯ ಬಾಯಲ್ಲಿ ಕೇಳಿದಂಥ ಧಾಟಿಯೊಂದು ತೇಲಿಬಂದಾಗ, ‘ಒನ್ಸ್‌ಮೋರ್’ ಎನ್ನುವವರಲ್ಲಿ ನಾವೂ ಇರುತ್ತೇವೆ.